ಗಾಯಾಳುವಿಗೆ ಆರು ತಿಂಗಳ ಗಡುವು

ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಗೆಂದು ಹೋಗಿದ್ದಾಗ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಲಾರಿಯೊಂದು ಬಡಿದು ತೊಡೆಯೆಲುಬು ಮುರಿದ ನನ್ನ ಸೋದರತ್ತೆಯ ಮಗನು, ವಿಶಾಖಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಗೊಳಗಾಗಿ, ಬಳ್ಳಾರಿಯ ಮನೆಗೆ ಆಂಬುಲೆನ್ಸಿನಲ್ಲಿ ಮಲಗಿಯೇ ಹಿಂದಿರುಗಿ, ಮೂಳೆ ಕೂಡದೆ ಮತ್ತೊಮ್ಮೆ ಆಸ್ಪತ್ರೆ ಸೇರುವಷ್ಟರಲ್ಲಿ, ಪರಿಹಾರದ ಅರ್ಜಿಗೆ ಕಾನೂನು ವಿಧಿಸಿದ ಆರು ತಿಂಗಳು ಮೀರಿದ್ದವು. ಆ ಸಂಸಾರದ ಲೆಕ್ಕಪತ್ರದ ಹೊಣೆ ಹೊತ್ತಿದ್ದ ನಾನು ಎಲ್ಲವನ್ನೂ ಸಮೀಪದಿಂದ ಕಂಡೆನು. ವ್ಯಾಪಾರ ನಿಂತು ಹೆಂಡತಿಯ ಬಳೆಗಳು ಗಿರವಿ ಸೇರಿದ್ದ ಆ ದಿನಗಳಲ್ಲಿ ನ್ಯಾಯಾಲಯದ ನೆನಪು ಬಾರದಿದ್ದುದನ್ನು ಉದಾಸೀನವೆನ್ನಲು ನನ್ನ ಮನಸ್ಸು ಎಂದಿಗೂ ಒಪ್ಪದು.

1988ರ ಮೋಟಾರು ವಾಹನ ಕಾಯಿದೆಯು ತನ್ನ 166ನೆಯ ಕಲಮಿನಲ್ಲಿ ಆರು ತಿಂಗಳ ಅವಧಿಯನ್ನಿಟ್ಟು, ಸಕಾರಣವಿದ್ದರೆ ಒಂದು ವರ್ಷದವರೆಗೂ ಅರ್ಜಿಯನ್ನು ಸ್ವೀಕರಿಸಲು ಎಡೆಮಾಡಿತ್ತು. 1994ರ ನವೆಂಬರ್ 14ರಿಂದ ಆ ಮಿತಿಯೇ ರದ್ದಾಯಿತು; ಹಿಂದಿನ ಅಪಘಾತಗಳ, ಇನ್ನೂ ಇತ್ಯರ್ಥವಾಗದ ಅರ್ಜಿಗಳಿಗೂ ಈ ಔದಾರ್ಯವು ಸಲ್ಲತಕ್ಕದ್ದೆಂದು 1996ರಲ್ಲಿ ಧನ್ನಾಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತು. ಕಾಲು ಶತಮಾನಕ್ಕೂ ಮೀರಿ ನಿರ್ಬಾಧವಾಗಿದ್ದ ಈ ಹಕ್ಕಿಗೆ 2019ರ ತಿದ್ದುಪಡಿಯು, 2022ರ ಏಪ್ರಿಲ್ 1ರಿಂದ, ಆರು ತಿಂಗಳ ಕಟ್ಟನ್ನು ಮರಳಿ ವಿಧಿಸಿತು. ಈ ಸಲ ವಿಳಂಬವನ್ನು ಮನ್ನಿಸುವ ಮಾತು ಆ ಕಲಮಿನಲ್ಲಿಲ್ಲ. ಶಯ್ಯೆ ಬಿಟ್ಟೇಳಲಾರದವನಿಗೆ ಇಂಥ ಗಡುವು ವಿಧಿಸುವುದು ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೂ ವಿಳಂಬವನ್ನು ಮನ್ನಿಸುವಂತೆ ಕೋರಿ ನಮ್ಮ ವಕೀಲರು ಬರೆದ ಮೊದಲ ಕರಡಿನಲ್ಲಿ ‘ಅನಾರೋಗ್ಯದ ನಿಮಿತ್ತ ತಡವಾಯಿತು’ ಎಂಬ ಒಂದೇ ಸಾಲಿತ್ತು. ಅದು ಸಾಲದೆಂದು ಹಿರಿಯ ವಕೀಲರೊಬ್ಬರು ತಿಳಿಸಿದ ಮೇಲೆ, ಆಸ್ಪತ್ರೆಯಿಂದ ಬಿಡುಗಡೆಯಾದ ತಾರೀಖುಗಳು, ಎರಡನೆಯ ಶಸ್ತ್ರಚಿಕಿತ್ಸೆಯ ದಾಖಲೆ, ತೆಲುಗಿನಲ್ಲಿದ್ದ ಎಫ್‌ಐಆರ್‌ನ ನಕಲು ಕೈಸೇರಿದ ದಿನ, ಅದನ್ನು ಕನ್ನಡಕ್ಕೆ ಮಾಡಿಸಿದ ದಿನ, ಇವೆಲ್ಲವನ್ನೂ ಕ್ರಮವಾಗಿ ಹೊಂದಿಸಿ, ಪ್ರತಿಯೊಂದಕ್ಕೂ ಕಾಗದವನ್ನು ಲಗತ್ತಿಸಿ ಅಫಿಡವಿಟ್ ಬರೆಸಿದೆವು. ದಿನದಿನದ ವಿಳಂಬಕ್ಕೂ ಲೆಕ್ಕ ಒಪ್ಪಿಸಬೇಕೆಂಬ ಸೂತ್ರವನ್ನು ವಿವೇಕದಿಂದ ಅನ್ವಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ 1987ರ ಕಾತಿಜಿ ತೀರ್ಪು ಹೇಳಿದೆಯಾದರೂ, ನ್ಯಾಯಾಧೀಶರ ವಿವೇಕಕ್ಕೆ ಆಧಾರವನ್ನು ಒದಗಿಸಬೇಕಾದವರು ನಾವೇ. ಅಪಘಾತವಾದದ್ದು ಆಂಧ್ರದಲ್ಲಾದರೂ ಅರ್ಜಿದಾರನು ವಾಸಿಸುವ ಊರಿನ ನ್ಯಾಯಮಂಡಳಿಗೇ ಹೋಗಲು ಕಾನೂನು ಅನುಮತಿಸುವುದರಿಂದ ಬಳ್ಳಾರಿಯಲ್ಲೇ ಅರ್ಜಿ ಹಾಕಿದೆವು. ಇದು ತಿಳಿಯದೆ ಪರರಾಜ್ಯದ ಅಲೆದಾಟಕ್ಕೆ ಅಂಜಿ ಕಾಲಹರಣ ಮಾಡಿದ ಸಂಸಾರಗಳನ್ನು ನಾನು ಬಲ್ಲೆ.

ಕಾಲಮಿತಿ ಮೀರಿತೆಂದು ವಿಮಾ ಕಂಪನಿಯು ಆಕ್ಷೇಪಿಸಿತು. ಆದರೆ ಗಡುವಿನ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡವಾಯಿತೆಂಬ ಕಾರಣಕ್ಕೆ ಇಂಥ ಅರ್ಜಿಗಳನ್ನು ವಜಾ ಮಾಡಕೂಡದೆಂದು ಮಧ್ಯಂತರ ಆದೇಶವಿತ್ತುದರಿಂದ ನಮ್ಮ ವಿಚಾರಣೆ ಮುಂದುವರಿದಿದೆ. ಅಂತಿಮ ತೀರ್ಪು ಹೇಗಿರುವುದೋ ತಿಳಿಯದ ಕಾರಣ, ಈ ಆದೇಶವನ್ನು ನೆಚ್ಚಿ ಯಾರೂ ನಿಶ್ಚಿಂತರಾಗಿ ಕೂರುವುದು ತರವಲ್ಲ.

ವಿಳಂಬವನ್ನು ಮನ್ನಿಸಿದರೂ ನಷ್ಟವು ತಪ್ಪದು. 171ನೆಯ ಕಲಮಿನ ಪ್ರಕಾರ, ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನ ಅವಧಿಗೆ ಬಡ್ಡಿಯಿಲ್ಲ. 10 ಲಕ್ಷ ರೂಪಾಯಿಯ ಪರಿಹಾರಕ್ಕೆ ಶೇಕಡ 6ರ ಸರಳಬಡ್ಡಿಯೆಂದು ಎಣಿಸಿದರೂ, ತಡವಾದ ಒಂದೊಂದು ತಿಂಗಳಿಗೂ 5,000 ರೂಪಾಯಿ ಕೈಬಿಟ್ಟು ಹೋಗುತ್ತದೆ. ಆದುದರಿಂದ ಗಾಯಾಳುವು ಮಲಗಿರುವಾಗಲೇ ಮನೆಯವರಲ್ಲೊಬ್ಬರು ಠಾಣೆಗೆ ಹೋಗಿ, ಪೊಲೀಸರು ತೊಂಬತ್ತು ದಿನಗಳೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕಾದ ಅಪಘಾತದ ಸವಿವರ ವರದಿ ಹೋಗಿದೆಯೇ ಎಂದು ವಿಚಾರಿಸತಕ್ಕದ್ದು. ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸುವ ವಿಧಿಯು ಇದೇ 166ನೆಯ ಕಲಮಿನಲ್ಲಿದೆ.