ರೂಪ ಬದಲಿಸುವ ರೋಬೊಗೆ ಸ್ಟಿಕರ್ ಅಂಟಿಸುವ ಕ್ರಮ

ಅಮೆರಿಕದ ಹ್ಯಾಸ್ಬ್ರೊ ಕಂಪನಿ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಆಟಿಕೆಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಹೆಚ್ಚಿನವು ಜಪಾನಿನ ಟಕಾರಾ ಕಂಪನಿ ಅದಾಗಲೇ ‘ಡಯಾಕ್ಲೋನ್’, ‘ಮೈಕ್ರೊ ಚೇಂಜ್’ ಎಂಬ ಹೆಸರುಗಳಲ್ಲಿ ಮಾರುತ್ತಿದ್ದ ಅಚ್ಚುಗಳು. ಪೆಟ್ಟಿಗೆ ತೆರೆದರೆ ಆಟಿಕೆಯ ಜತೆ ಒಂದು ಸ್ಟಿಕರ್ ಹಾಳೆಯೂ ಸಿಗುತ್ತಿತ್ತು. ಯಾವುದು ಎಲ್ಲಿಗೆ ಎಂಬುದನ್ನು ಸೂಚನಾ ಪತ್ರದಲ್ಲಿ ನೋಡಿಕೊಂಡು ಮಕ್ಕಳೇ ಅಂಟಿಸಬೇಕಿತ್ತು.

ಆ ಕಾಲದ ಸ್ಟಿಕರ್‌ಗಳು ಈಗ ಬಹುತೇಕ ಎದ್ದುಹೋಗಿವೆ. ಇಂದಿನ ಆಟಿಕೆಗಳಲ್ಲಿ ಬಣ್ಣದ ಕೆಲಸಕ್ಕೆ ವೆಚ್ಚದ ಮಿತಿ ಇರುವುದರಿಂದ ಎಷ್ಟೋ ಭಾಗಗಳು ಬರೀ ಪ್ಲಾಸ್ಟಿಕ್ ಬಣ್ಣದಲ್ಲೇ ಉಳಿಯುತ್ತವೆ. ಈ ಎರಡೂ ಕೊರತೆಗಳನ್ನು ತುಂಬಲು ಬೇರೆ ಕಂಪನಿಗಳು ಆಯಾ ಆಟಿಕೆಯ ಅಳತೆಗೆ ತಕ್ಕಂತೆ ಸ್ಟಿಕರ್ ಮುದ್ರಿಸಿ ಮಾರುತ್ತವೆ. ‘ರೆಪ್ರೊಲೇಬಲ್ಸ್’ ಎಂಬ ಹೆಸರಿನಲ್ಲಿ ಶುರುವಾಗಿ ಮುಂದೆ ‘ಟಾಯ್‌ಹ್ಯಾಕ್ಸ್’ ಆದ ಸಂಸ್ಥೆ ಸಂಗ್ರಾಹಕರಿಗೆ ಚಿರಪರಿಚಿತ.

ಗೋಡೆಗೋ ಪುಸ್ತಕಕ್ಕೋ ಸ್ಟಿಕರ್ ಅಂಟಿಸಿದಂತಲ್ಲ ಇದು. ಈ ಆಟಿಕೆಗೆ ಎರಡು ದೇಹಗಳಿವೆ. ರೋಬೊ ನಿಂತಾಗ ಚೆಂದ ಕಂಡ ಸ್ಟಿಕರ್, ಅದೇ ಆಟಿಕೆ ಕಾರಾಗಿ ಮಡಚಿಕೊಳ್ಳುವಾಗ ಪಕ್ಕದ ಭಾಗಕ್ಕೆ ಉಜ್ಜಿ ಕಿತ್ತುಬರಬಹುದು. ಆದ್ದರಿಂದ ಕೈಚಳಕಕ್ಕಿಂತ ಮೊದಲು ಬೇಕಾದದ್ದು ಆಟಿಕೆಯ ಚಲನೆಯ ಪರಿಚಯ.

ಮೊದಲು ಮಡಚಿ ನೋಡಬೇಕು

ಸ್ಟಿಕರ್ ಹಾಳೆ ಕೈಗೆತ್ತಿಕೊಳ್ಳುವ ಮುನ್ನ ಆಟಿಕೆಯನ್ನು ನಿಧಾನವಾಗಿ ಎರಡು ಸಲ ರೂಪ ಬದಲಿಸಬೇಕು. ಯಾವ ಭಾಗ ಯಾವುದರ ಕೆಳಗೆ ಜಾರುತ್ತದೆ, ಕೈಬೆರಳುಗಳು ಎಲ್ಲಿ ಹಿಡಿಯುತ್ತವೆ, ಎರಡು ಭಾಗಗಳ ನಡುವೆ ಎಷ್ಟು ಸಂದು ಇದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಅನುಮಾನ ಇರುವಲ್ಲಿ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪಿನ ಚೂರೊಂದನ್ನು ಅಂಟಿಸಿ ಮತ್ತೆ ಮಡಚಿದರೆ ಉತ್ತರ ಸಿಗುತ್ತದೆ. ಟೇಪು ಮುದುಡಿದರೆ ಸ್ಟಿಕರ್ ಕೂಡ ಅಲ್ಲಿ ನಿಲ್ಲುವುದಿಲ್ಲ.

1984ರ ‘ಸೌಂಡ್‌ವೇವ್’ ಒಳ್ಳೆಯ ಉದಾಹರಣೆ. ಕ್ಯಾಸೆಟ್ ಪ್ಲೇಯರ್ ರೂಪದ ಈ ರೋಬೊನ ಎದೆಯೇ ಕ್ಯಾಸೆಟ್ ಬಾಗಿಲು. ಗುಂಡಿ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಬಾಗಿಲಿನ ಅಂಚು ದಾಟಿದ ಸ್ಟಿಕರ್ ಹೆಚ್ಚು ದಿನ ಬಾಳುವುದಿಲ್ಲ. ಪೊಲೀಸ್ ಕಾರಾಗುವ ‘ಪ್ರೌಲ್’ನಲ್ಲಿ ಬಾಗಿಲುಗಳು ರೋಬೊನ ಬೆನ್ನ ಹಿಂದೆ ರೆಕ್ಕೆಗಳಂತೆ ನಿಲ್ಲುತ್ತವೆ. ರೂಪ ಬದಲಿಸುವಾಗ ಬೆರಳು ಹಿಡಿಯುವುದೂ ಅಲ್ಲಿಯೇ. ಹಾಗಾಗಿ ಬಾಗಿಲ ಮೇಲಿನ ಅಕ್ಷರಗಳ ಅಂಚನ್ನು ಚೆನ್ನಾಗಿ ಒತ್ತಿ ಕೂರಿಸಬೇಕು.

ಒರೆಸುವುದು

ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಪಸೆ, ಕೈಯ ಜಿಡ್ಡು, ಧೂಳು – ಇವು ಅಂಟಿನ ಶತ್ರುಗಳು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಇನ್ನೂ ಚೆನ್ನಾಗಿ ಜಿಡ್ಡು ತೆಗೆಯುತ್ತದೆ. ಆದರೆ ಬಣ್ಣ ಬಳಿದ ಭಾಗಕ್ಕೂ ಕ್ರೋಮ್ ಹೊಳಪಿನ ಭಾಗಕ್ಕೂ ಅದು ಹಾನಿ ಮಾಡಬಹುದು. ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿದ ಮೇಲಷ್ಟೇ ಬಳಸಬೇಕು. ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್‌ಗಳಂತೂ ಬೇಡವೇ ಬೇಡ. ಅಸಿಟೋನ್ ಈ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಅಂಟಿಸುವುದು

ಚೂಪು ಮೊನೆಯ ಚಿಮುಟ, ಹೊಸ ಬ್ಲೇಡ್ ಹಾಕಿದ ಕಟರ್, ಹತ್ತಿಕಡ್ಡಿ, ಒಳ್ಳೆಯ ಬೆಳಕು – ಇಷ್ಟು ಸಾಕು.

1. ಸ್ಟಿಕರನ್ನು ಕಟರ್ ಮೊನೆಯಿಂದ ಎಬ್ಬಿಸಿ, ಒಂದು ಅಂಚನ್ನಷ್ಟೇ ಚಿಮುಟದಲ್ಲಿ ಹಿಡಿಯಬೇಕು. ಅಂಟಿನ ಬದಿಗೆ ಬೆರಳು ತಾಗಬಾರದು.

2. ವಿನೈಲ್‌ನಂಥ ಪ್ಲಾಸ್ಟಿಕ್ ಸ್ಟಿಕರ್ ಆದರೆ, ಒಂದು ಬಟ್ಟಲು ನೀರಿಗೆ ಒಂದೇ ಹನಿ ದ್ರವ ಸೋಪು ಬೆರೆಸಿ ಅಂಟಿಸುವ ಜಾಗಕ್ಕೆ ತೆಳುವಾಗಿ ಸವರಬಹುದು. ಸ್ಟಿಕರ್ ತಕ್ಷಣ ಕಚ್ಚಿಕೊಳ್ಳದೆ, ಸರಿಸಿ ಕೂರಿಸಲು ಅವಕಾಶ ಕೊಡುತ್ತದೆ. ಕಾಗದದ ಸ್ಟಿಕರ್‌ಗೆ ಇದು ಸಲ್ಲದು.

3. ಅಂಚಿನಿಂದ ಸುಮಾರು ಅರ್ಧ ಮಿಲಿಮೀಟರ್ ಒಳಗೆ ಕೂರಿಸಬೇಕು. ಅಂಚಿಗೆ ಸರಿಯಾಗಿ ತಂದರೆ ಪಕ್ಕದ ಭಾಗ ತಾಗಿ ಏಳುತ್ತದೆ.

4. ನಡುವಿನಿಂದ ಹೊರಕ್ಕೆ ಹತ್ತಿಕಡ್ಡಿಯಿಂದ ಒತ್ತುತ್ತ ನೀರು, ಗಾಳಿ ಹೊರಹಾಕಬೇಕು.

5. ಚೂಪು ಮೂಲೆಗಳನ್ನು ಅಂಟಿಸುವ ಮುನ್ನವೇ ಒಂದಿಷ್ಟು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ.

6. ಕನಿಷ್ಠ ಒಂದು ದಿನ ಆಟಿಕೆಯ ರೂಪ ಬದಲಿಸದೆ ಬಿಡಬೇಕು.

ಎರಡು ಭಾಗಗಳ ಮೇಲೆ ಹಾದುಹೋಗುವ ಪಟ್ಟೆಗಳಿಗೆ ಹೆಚ್ಚಿನ ಎಚ್ಚರ ಬೇಕು. ಪೋರ್ಷೆ 935 ರೇಸ್ ಕಾರಾಗುವ ‘ಜಾಝ್’ನ ಮೈಮೇಲೆ ನೀಲಿ-ಕೆಂಪು ಪಟ್ಟೆಗಳಿವೆ. ರೋಬೊ ಆದಾಗ ಕಾರಿನ ಮುಂಭಾಗ ಎದೆಯಾಗುತ್ತದೆ. ಇಂಥ ಕಡೆ ಪಟ್ಟೆ ಒಂದೇ ತುಂಡಾಗಿದ್ದರೆ ಕಾರಿನ ರೂಪದಲ್ಲಿಟ್ಟು ಅಂಟಿಸಿ, ಸಂದಿನ ಗೆರೆಯುದ್ದಕ್ಕೂ ಕಟರ್‌ನಿಂದ ಹಗುರವಾಗಿ ಸೀಳಿ, ಎರಡೂ ಅಂಚುಗಳನ್ನು ಒತ್ತಬೇಕು. ಉಬ್ಬುತಗ್ಗಿನ ಮೈಗೆ ಹೇರ್ ಡ್ರೈಯರ್‌ನ ಕಡಿಮೆ ಬಿಸಿಯನ್ನು ದೂರದಿಂದ ಹಾಯಿಸಿದರೆ ವಿನೈಲ್ ಮೆತ್ತಗಾಗಿ ಹೊಂದಿಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ತೆಳು ಪ್ಲಾಸ್ಟಿಕ್ ಬಾಗಬಹುದು.

ನೀರಿನಲ್ಲಿ ಜಾರುವ ಡೆಕಾಲ್

ವಾಟರ್‌ಸ್ಲೈಡ್ ಡೆಕಾಲ್ ಬೇರೆ ಜಾತಿ. ಕತ್ತರಿಸಿದ ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷದಷ್ಟು ಅದ್ದಿ ಹೊರಗಿಟ್ಟರೆ ಮುದ್ರಿತ ಪೊರೆ ಕಾಗದದಿಂದ ಸಡಿಲಾಗುತ್ತದೆ. ಅದನ್ನು ಜಾಗಕ್ಕೆ ಜಾರಿಸಿ, ಹತ್ತಿಕಡ್ಡಿಯನ್ನು ಉರುಳಿಸುತ್ತ ನೀರು ಹೀರಬೇಕು. ಮೈಕ್ರೊ ಸೆಟ್, ಮೈಕ್ರೊ ಸಾಲ್‌ನಂಥ ದ್ರವಗಳು ಪೊರೆಯನ್ನು ಮೆತ್ತಗೆ ಮಾಡಿ ಗೆರೆಗಳೊಳಕ್ಕೂ ಕೂರಿಸುತ್ತವೆ. ನೋಟದಲ್ಲಿ ಇದು ಬಣ್ಣ ಬಳಿದಷ್ಟೇ ಸಹಜ. ಆದರೆ ಪೊರೆ ತೀರಾ ತೆಳು, ಉಜ್ಜಿದರೆ ಹರಿಯುತ್ತದೆ. ಮೇಲೆ ರಕ್ಷಣೆಯ ಪಾರದರ್ಶಕ ಲೇಪ ಬೇಕು. ಮ್ಯಾಟ್ ಲೇಪ ಹಾಕುವಾಗ ಗಾಜಿನಂಥ ಭಾಗಗಳನ್ನು ಮುಚ್ಚದಿದ್ದರೆ ಅವು ಮಂಜಾಗುತ್ತವೆ.

ಹಳೆಯದನ್ನು ಕೀಳುವ ಮುನ್ನ

1980ರ ದಶಕದ ಆಟಿಕೆಯಾದರೆ ಮೂಲ ಸ್ಟಿಕರ್‌ಗಳ ಸ್ಥಾನವನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. 1985ರಿಂದ ಬಂದ, ಬೆರಳಿನಿಂದ ಉಜ್ಜಿದರೆ ಲಾಂಛನ ಮೂಡುವ ಚೌಕದ ‘ರಬ್ ಸೈನ್’ ಅನ್ನು ಕೀಳಲೇಬಾರದು. ಆಟಿಕೆ ಅಸಲಿ ಎಂಬುದಕ್ಕೆ ಗುರುತಾಗಿ ಕಂಪನಿಯೇ ಅದನ್ನು ಹಾಕಿತ್ತು. ಉಳಿದವುಗಳಿಗೆ ಹದವಾಗಿ ಬಿಸಿ ತಾಗಿಸಿ, ಅಂಚಿನಿಂದ ನಿಧಾನಕ್ಕೆ ಎಳೆದರೆ ಅಂಟು ಕಡಿಮೆ ಉಳಿಯುತ್ತದೆ.

ಮೊದಲ ಬಾರಿ ಕೈಹಾಕುವವರು ಬೆಲೆಬಾಳುವ ಸಂಗ್ರಹದ ಆಟಿಕೆಯಿಂದ ಶುರುಮಾಡುವುದು ಬೇಡ. ಸಣ್ಣ, ಅಗ್ಗದ ಆಟಿಕೆಯೊಂದರ ಚಪ್ಪಟೆ ಭಾಗಗಳಿಗೆ ವಿನೈಲ್ ಸ್ಟಿಕರ್ ಅಂಟಿಸಿ, ಒಂದು ವಾರ ರೂಪ ಬದಲಿಸಿ ಆಡಿ ನೋಡಿ. ಎಲ್ಲಿ ಅಂಚು ಎದ್ದಿದೆ ಎಂದು ತಿಳಿದ ಮೇಲೆ ದೊಡ್ಡದನ್ನು ಕೈಗೆತ್ತಿಕೊಳ್ಳಿ.