ಗರ್ಭನೀರು ಕಡಿಮೆಯಾದರೆ ಸಿಸೇರಿಯನ್ನೇ ಆಗಬೇಕೆ?

ಒಂಬತ್ತನೇ ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿ ‘ಎ.ಎಫ್.ಐ. 5.2 ಸೆಂ.ಮೀ.’ ಎಂದಿರುತ್ತದೆ. ‘ನೀರು ಕಮ್ಮಿ ಇದೆ, ಇವತ್ತೇ ಆಪರೇಷನ್ ಮಾಡಬೇಕು’ ಎಂದೊಡನೆ ಮನೆಯವರು ತೋರಿಸಿದ ಕಡೆಗೆಲ್ಲ ಸಹಿ ಹಾಕುತ್ತಾರೆ. ಸಹಿ ಹಾಕಬೇಕಾದವಳು ಗರ್ಭಿಣಿ, ಅದೂ ವಿಷಯ ತಿಳಿದುಕೊಂಡ ಮೇಲೆ.

ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಅಳೆದ ಗರ್ಭನೀರಿನ ಆಳದ ಮೊತ್ತವೇ ಎ.ಎಫ್.ಐ. ಅದು 5ಕ್ಕಿಂತ ಇಳಿದರೆ ಕಡಿಮೆ, ಸುಮಾರು 25 ದಾಟಿದರೆ ಹೆಚ್ಚು. ಅಂದರೆ 5.2 ಇನ್ನೂ ಗಡಿಯಲ್ಲಿದೆ. ನೀರು ತೀರಾ ಕಡಿಮೆಯಿದ್ದರೆ ಹೆರಿಗೆಯ ವೇಳೆ ಹೊಕ್ಕುಳಬಳ್ಳಿ ಒತ್ತಡಕ್ಕೆ ಸಿಕ್ಕಿ ಮಗುವಿನ ಎದೆಬಡಿತ ಕುಸಿಯಬಹುದು. ಹೆಚ್ಚಿದ್ದರೆ ಮಗು ಅಡ್ಡ ತಿರುಗಬಹುದು, ನೀರೊಡೆದಾಗ ಬಳ್ಳಿಯೇ ಮೊದಲು ಜಾರಬಹುದು, ಹೆರಿಗೆಯ ನಂತರ ರಕ್ತಸ್ರಾವ ಹೆಚ್ಚಬಹುದು. ಇವೆಲ್ಲ ನಿಜವಾದ ಅಪಾಯಗಳೇ. ಆದರೂ ಬರೀ ಆ ಅಂಕಿ ನೋಡಿ ಸಿಸೇರಿಯನ್ ನಿರ್ಧರಿಸುವಂತಿಲ್ಲ. ತಲೆ ಕೆಳಗಿದ್ದು ಎದೆಬಡಿತ ಸರಿಯಿದ್ದರೆ, ನೋವು ಬರಿಸಿ, ನಿಗಾ ಇಟ್ಟು ಸಹಜ ಹೆರಿಗೆ ಮಾಡಿಸಲು ಎಷ್ಟೋ ಸಲ ಸಾಧ್ಯ.

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ: ಚಿಕಿತ್ಸೆ ಏನು, ಏಕೆ, ಬೇರೆ ದಾರಿಯಿದೆಯೇ, ಅಪಾಯವೇನು, ಬೇಡವೆಂದರೆ ಏನಾದೀತು ಎಂದು ತಿಳಿಸಿ ಪಡೆದದ್ದೇ ಒಪ್ಪಿಗೆ. ವಯಸ್ಕ ರೋಗಿಯ ಪರವಾಗಿ ಆಕೆಯ ತಾಯಿ ಕೊಟ್ಟ ಒಪ್ಪಿಗೆಯನ್ನು ಆ ಪ್ರಕರಣದಲ್ಲಿ ಕೋರ್ಟ್ ಮಾನ್ಯ ಮಾಡಲಿಲ್ಲ. ಜೀವ ಉಳಿಸಲು ತಡಮಾಡುವಂತಿಲ್ಲದ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಎದೆಬಡಿತ ಕುಸಿಯುತ್ತಿರುವಾಗ ದಯವಿಟ್ಟು ವಾದಕ್ಕೆ ನಿಲ್ಲಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಹಣ ಕೇಳಿದರೆ ಕೊಡಬೇಕಿಲ್ಲ.

ಅನುಮಾನವಿದ್ದರೆ ಮೊದಲು ದಾಖಲೆ ಕೇಳಿ. ಸ್ಕ್ಯಾನಿಂಗ್ ವರದಿ, ಎದೆಬಡಿತದ ಪಟ್ಟಿ, ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿಗಳಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿಯಿದೆ.