ಆಷಾಢದಲ್ಲೂ ತಪ್ಪದ ಬಾಡಿಗೆ

ಬನಹಟ್ಟಿಯ ನನ್ನ ಡಿಸೈನ್ ಅಂಗಡಿಗೆ ಇರುವುದು ಎರಡೇ ಕಾಲ: ಲಗ್ನದ ಕಾಲ, ಖಾಲಿ ಕಾಲ. ಲಗ್ನಗಳು ಶುರುವಾದರೆ ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ ಲಗ್ನಪತ್ರ, ಬ್ಯಾನರ್, ಅಲ್ಬಮ್ಮಿನ ಕೆಲಸ ಬರುತ್ತದೆ. ರಬಕವಿ-ಬನಹಟ್ಟಿಯ ಸೀರೆ ಸಾವಕಾರರಿಗೆ ಪೆಟ್ಟಿಗೆ, ಲೇಬಲ್ಲು ಬೇಕಾಗುತ್ತವೆ. ಆಷಾಢದಲ್ಲಿ ಕೇಳುವವರಿಲ್ಲ. ಮಾಡಿಕೊಟ್ಟ ಕೆಲಸದ ದುಡ್ಡೂ ಎಷ್ಟೋ ಸಲ ಕಬ್ಬಿನ ಬಿಲ್ ಬಂದ ಮೇಲೆಯೇ ಕೈಸೇರುವುದು. ಊರೆಲ್ಲ ಉದ್ರಿಯಲ್ಲಿ ನಡೆಯುವಾಗ ನಾನು ಬಳಸುವ ಸಾಫ್ಟ್‌ವೇರ್ ಮಾತ್ರ ತಿಂಗಳ ತಾರೀಕಿಗೆ ಸರಿಯಾಗಿ ಬಾಡಿಗೆ ಎಣಿಸಿಕೊಳ್ಳುತ್ತದೆ.

ಮೊದಲು ಹೀಗಿರಲಿಲ್ಲ. 2001ರ ಪೇಜ್‌ಮೇಕರ್ 7 ಅನ್ನು ಈಗಲೂ ನುಡಿ ಫಾಂಟಿನ ಜೊತೆ ಓಡಿಸುವ ಪ್ರೆಸ್ಸುಗಳಿವೆ. ಯಾರೂ ಅದಕ್ಕೆ ತಿಂಗಳ ದುಡ್ಡು ಕೇಳುವುದಿಲ್ಲ. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ, ಫೋಟೊಶಾಪ್, ಇಲಸ್ಟ್ರೇಟರ್‌ಗಳ ಹೊಸ ಆವೃತ್ತಿಗಳು ಇನ್ನು ಚಂದಾ ಕಟ್ಟಿದವರಿಗೆ ಮಾತ್ರ ಎಂದು ಸಾರಿತು. 2012ರ ಸಿಎಸ್6ಗೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಆವೃತ್ತಿಗಳ ಸಾಲು ಮುಗಿಯಿತು.

ಲೆಕ್ಕಕ್ಕೆ ತಿಂಗಳ ಚಂದಾ 2,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಶೇ 18 ಜಿಎಸ್‌ಟಿ ಸೇರಿದರೆ 2,360. ವರ್ಷಕ್ಕೆ 28,320, ಐದು ವರ್ಷಕ್ಕೆ 1,41,600. ಇಷ್ಟು ದುಡ್ಡನ್ನು ಮಗ್ಗಕ್ಕೆ ಹಾಕಿದವನ ಮನೆಯಲ್ಲಿ ಐದು ವರ್ಷದ ಮೇಲೂ ಮಗ್ಗ ಇರುತ್ತದೆ. ತೀರಾ ಕೆಟ್ಟರೆ ಗುಜರಿಯವನಾದರೂ ತೂಕ ಹಾಕಿ ಒಯ್ಯುತ್ತಾನೆ. ಚಂದಾದಾರನಿಗೆ ಉಳಿಯುವುದು ರಸೀದಿ.

ತೆರಿಗೆಯಲ್ಲಿ ಲಾಭವಿದೆಯಲ್ಲ ಎನ್ನುವವರಿದ್ದಾರೆ. ಚಂದಾವನ್ನು ಅದೇ ವರ್ಷದ ಖರ್ಚೆಂದು ಪೂರ್ತಿ ತೋರಿಸಬಹುದು, ಕೊಂಡ ಸಾಫ್ಟ್‌ವೇರಿಗೆ ವರ್ಷಕ್ಕೆ ಶೇ 40ರ ಸವಕಳಿ ಮಾತ್ರ ಎನ್ನುವುದು ನಿಜ. ಆದರೆ ನಮ್ಮಂಥ ಸಣ್ಣ ಅಂಗಡಿಗಳಲ್ಲಿ ಹೆಚ್ಚಿನವು ವಹಿವಾಟಿನ ಶೇ 8ನ್ನು (ಬ್ಯಾಂಕು, ಯುಪಿಐ ಮೂಲಕ ಬಂದದ್ದಕ್ಕೆ ಶೇ 6ನ್ನು) ಲಾಭವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿವೆ; ಅಲ್ಲಿ ಖರ್ಚನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಯೋಜನೆ ಆರಿಸಿಕೊಂಡವರಿಗೆ ಕಟ್ಟಿದ ತೆರಿಗೆ ಜಮೆಯಾಗಿ ಹಿಂದಿರುಗುವುದೂ ಇಲ್ಲ. ಲಾಭವೇನಿದ್ದರೂ ಬೆಂಗಳೂರಿನ ದೊಡ್ಡ ಕಚೇರಿಗಳಿಗೆ.

ದುಡ್ಡಿಗಿಂತ ನನಗೆ ಚುಚ್ಚುವುದು ಬೇರೆ. ಹೋದ ಆಷಾಢದಲ್ಲಿ ಖರ್ಚು ಉಳಿಯಲಿ ಎಂದು ಒಂದು ಚಂದಾ ನಿಲ್ಲಿಸಿದ್ದೆ. ಸೀರೆ ಸಾವಕಾರರೊಬ್ಬರು ಬಂದರು. ‘ಹ್ವಾದ ವರ್ಷದ ಲೇಬಲ್ ಐತೆಲ್ಲೋ ತಮ್ಮಾ, ಅದ್ರಾಗ ಫೋನ್ ನಂಬರಷ್ಟ ತಿದ್ದಿ ಕೊಡು, ಎರಡು ಮಿನಿಟಿನ ಕೆಲಸ.’ ಎರಡು ಮಿನಿಟಿನ ಕೆಲಸವೇ. ಆದರೆ ಫೈಲು ತಿದ್ದಬೇಕಾದರೆ ಚಂದಾ ಕಟ್ಟಿ ಎಂದು ಪರದೆ ಹಟ ಹಿಡಿಯಿತು. ನಾನೇ ಬರೆದ ಬಳ್ಳಿ, ನಾನೇ ಕೂಡಿಸಿದ ಅಕ್ಷರ. ಬೀಗದ ಕೈ ಇನ್ನೊಬ್ಬರ ಹತ್ತಿರ. ಹತ್ತಂಕಿಗಾಗಿ ತಿಂಗಳ ಬಾಡಿಗೆ ತೆತ್ತೆ. ನಮ್ಮ ಧಂದೆಯಲ್ಲಿ ಹಳೆಯ ಫೈಲೇ ಆಸ್ತಿ. ಗಿರಾಕಿ ಮತ್ತೆ ಬರುವುದೇ ಅದಕ್ಕಾಗಿ.

ಚಂದಾ ಕಟ್ಟುತ್ತಿದ್ದರೂ ನೆಮ್ಮದಿ ಖಾತ್ರಿಯಿಲ್ಲ. 2022ರ ನವೆಂಬರಿನಲ್ಲಿ ಅಡೋಬಿಯೊಳಗಿನ ಹಲವು ಪ್ಯಾಂಟೋನ್ ಬಣ್ಣಗಳಿಗೆ (ಮುದ್ರಣದಲ್ಲಿ ನಂಬರಿನಿಂದ ಗುರುತಿಸುವ ಬಣ್ಣಗಳು) ಪ್ರತ್ಯೇಕ ಲೈಸೆನ್ಸ್ ಬಂತು. ಅದಿಲ್ಲದೆ ಫೋಟೊಶಾಪಿನಲ್ಲಿ ಹಳೆಯ ಫೈಲು ತೆರೆದವರಿಗೆ ಆ ಬಣ್ಣವಿದ್ದ ಜಾಗದಲ್ಲಿ ಕಂಡದ್ದು ಕಪ್ಪು. ಇನ್ನು, ತಿಂಗಳಿಗೆ ಕಟ್ಟುವುದೆಲ್ಲ ತಿಂಗಳ ಕರಾರಲ್ಲ. ‘ವಾರ್ಷಿಕ ಯೋಜನೆ, ಮಾಸಿಕ ಪಾವತಿ’ ಎಂದಿದ್ದರೆ ನಡುವೆ ಬಿಟ್ಟವರು ದಂಡ ತೆರಬೇಕಾಗುತ್ತದೆ. ಆ ಶುಲ್ಕವನ್ನು ಬಚ್ಚಿಟ್ಟಿದೆ ಎಂದೇ 2024ರ ಜೂನ್‌ನಲ್ಲಿ ಅಮೆರಿಕ ಸರಕಾರ ಅಡೋಬಿಯ ಮೇಲೆ ದಾವೆ ಹೂಡಿತು.

ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಸ್ವಲ್ಪ ಕಾಯುತ್ತದೆ: ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು. ಆ ಮೆಸೇಜನ್ನು ಲೋನಿನ ಜಾಹೀರಾತುಗಳ ಜೊತೆ ಅಳಿಸಿಬಿಡಬೇಡಿ. ಚಂದಾಗಳಿಗೆಂದೇ ಬೇರೆ ಉಳಿತಾಯ ಖಾತೆ ಇಟ್ಟು, ಬೇಕಾದಷ್ಟೇ ದುಡ್ಡು ಹಾಕುವುದು ನನ್ನ ರೂಢಿ.

ಪೆನ್‌ಡ್ರೈವಿನಲ್ಲಿ ಸಿಗುವ ಕ್ರ್ಯಾಕ್ ಪ್ರತಿಯ ದಾರಿ ಎಲ್ಲರಿಗೂ ಗೊತ್ತು. ಅದರ ಜೊತೆ ವೈರಸ್ಸೂ ಬರುತ್ತದೆ, ನನಗದು ಬೇಡ. ಈಗ ಲೋಗೊ, ಲೇಬಲ್ಲುಗಳನ್ನು ಇಂಕ್‌ಸ್ಕೇಪಿನಲ್ಲಿ ಮಾಡುತ್ತೇನೆ; ಅದು ಪುಕ್ಕಟೆ, ಯುನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ. ಆಫ್‌ಸೆಟ್ಟಿನ ನಾಲ್ಕು ಬಣ್ಣದ ಕೆಲಸಕ್ಕೆ ಅದು ಸಾಲದು, ಸ್ಕ್ರೈಬಸ್‌ಗೆ ಹೋಗಬೇಕು. ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರನ್ನು ಮೊದಲು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. 2024ರಲ್ಲಿ ಅದನ್ನು ಕೊಂಡ ಕ್ಯಾನ್ವಾ ಕಂಪನಿ 2025ರಲ್ಲಿ ಉಚಿತ ಮಾಡಿತು. ಉಚಿತ ಎಲ್ಲಿಯವರೆಗೆ ಎನ್ನುವುದು ಮಾಲೀಕರ ಮರ್ಜಿ. ಫೋಟೊ ಅಲ್ಬಮ್ಮಿಗೆ ಮಾತ್ರ ಚಂದಾ ಬೇಕೇ ಬೇಕು. ಲಗ್ನದ ತಿಂಗಳುಗಳಿಗಷ್ಟೇ, ವಾರ್ಷಿಕ ಕರಾರಿಲ್ಲದೆ, ದರ ಕೊಂಚ ಹೆಚ್ಚಾದರೂ ಕಟ್ಟುತ್ತೇನೆ. ಆ ಚಂದಾ ಮುಗಿಯುವ ಮೊದಲು ಪ್ರತಿ ಕೆಲಸದ ಪಿಡಿಎಫ್, ಟಿಫ್ ಪ್ರತಿಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಡುತ್ತೇನೆ.

ಬಾಡಿಗೆಯ ಪಾಲನ್ನು ಗಿರಾಕಿಯ ಬಿಲ್ಲಿಗೂ ಸೇರಿಸುತ್ತಿದ್ದೇನೆ. ಆ ಸಾವಕಾರರು ಬಿಲ್ ನೋಡಿ, ‘ಸಾಫ್ಟ್‌ವೇರ್ ನಿಂದು, ರೊಕ್ಕ ನಾ ಯಾಕ ಕೊಡಬೇಕೋ?’ ಎಂದರು. ನನ್ನದಲ್ಲ ಎಂದು ತಿಳಿಸಿ ಹೇಳಿದೆ. ಅರ್ಧ ಕೊಟ್ಟರು, ಉಳಿದರ್ಧ ದೀಪಾವಳಿಗೆ ಅಂದಿದ್ದಾರೆ.